ರಿವರ್ಸ್ ಬಾರದ ಕಳ್ಳ

ಕಾರು ಕಳುವಾದ್ರೆ ಏನು ಮಾಡ್ಬೇಕು ಅಂತ ಜನ ನನ್ನನ್ನ ಕೇಳ್ತಾರೆ. ನಾನು ಅವರನ್ನ ಕೇಳೋದು ಒಂದೇ: ಕದ್ದವನಿಗೆ ರಿವರ್ಸ್ ಬರುತ್ತಾ?

ನನ್ನದು ಡ್ರೈವಿಂಗ್ ಸ್ಕೂಲು. ಇರೋದೊಂದೇ ಕಾರು. ಅವತ್ತು ಮಧ್ಯಾಹ್ನ ಊಟ ಮಾಡಿ ಕೈ ತೊಳೆಯೋಷ್ಟರಲ್ಲಿ ಅದೂ ಇಲ್ಲ. ಮಾರನೇ ದಿನ ಒಂಬತ್ತಕ್ಕೆ ನಮ್ಮಕ್ಕನಿಗೆ ಲೈಸೆನ್ಸ್ ಟೆಸ್ಟು. ಪಾಸಾದ್ರೆ ಶಾಲೆ ವ್ಯಾನ್ ಓಡಿಸೋ ಕೆಲಸ, ಇಲ್ಲಾಂದ್ರೆ ಆ ಕೆಲಸ ಬೇರೆಯವರಿಗೆ. ಬೇರೆ ಕಾರಲ್ಲಿ ಕೂತ್ರೆ ಅಕ್ಕನಿಗೆ ಬ್ರೇಕ್ ಯಾವುದು, ಭೂಮಿ ಯಾವುದು ಗೊತ್ತಾಗಲ್ಲ.

ಸ್ಟೇಷನ್ನಿಗೆ ಹೋಗಿ ದೂರು ಬರೆಸಿ ಬಂದೆ. ಅಕ್ಕ ಮಹಡಿ ಮೇಲೆ ಬಟ್ಟೆ ಒಣಹಾಕ್ತಾ ಎಲ್ಲ ನೋಡಿದ್ಲಂತೆ.

"ನೋಡಿಯೂ ಸುಮ್ನಿದ್ಯಾ?"

"ಕನ್ನಡಿ ಸರಿಮಾಡ್ಕೊಂಡ, ಬೆಲ್ಟ್ ಹಾಕ್ಕೊಂಡ, ಇಂಡಿಕೇಟರ್ ಹಾಕಿ, ಕತ್ತು ತಿರುಗಿಸಿ ಹಿಂದೆ ನೋಡಿ, ಆಮೇಲೆ ಹೊರಟ. ಅಷ್ಟು ಮರ್ಯಾದಸ್ಥನನ್ನ ಕಳ್ಳ ಅಂತ ಹೇಗೋ ಅನ್ನೋದು?"

ಸುಳ್ಳು ಯಾಕೆ ಹೇಳ್ಲಿ, ಎದೆ ಉಬ್ಬಿತು. ನನ್ನ ಶಿಷ್ಯನೇ.

"ಎರಡು ಸಲ ಇಂಜಿನ್ ಆಫ್ ಆಯ್ತು ಕಣೋ."

ಹಾಗಾದ್ರೆ ಅರೆಕ್ಲಚ್. ನಾನಿಟ್ಟ ಹೆಸರು. ಆರು ತಿಂಗಳು ಕಲಿಸಿದ್ರೂ ಅವನಿಗೆ ರಿವರ್ಸ್ ಬರಲಿಲ್ಲ, ಬಲಕ್ಕೆ ತಿರುಗೋಕೆ ಧೈರ್ಯ ಬರಲಿಲ್ಲ. ನಮ್ಮ ಬೀದಿಯಿಂದ ಬರೀ ಎಡಕ್ಕೇ ತಿರುಗ್ತಾ ಹೋದ್ರೆ ಕೊನೆಗೆ ಸಿಗೋದು ಸೋಪ್ ಫ್ಯಾಕ್ಟರಿ ಗೋಡೆ. ಅಲ್ಲಿಗೆ ರಸ್ತೆ ಖಲಾಸ್.

ಆರಾಮಾಗಿ ನಡ್ಕೊಂಡೇ ಹೋದೆ. ಕಾರು ಗೋಡೆಗೆ ಮೂಗು ಒತ್ತಿಕೊಂಡು ನಿಂತಿತ್ತು. ಒಳಗೆ ಅರೆಕ್ಲಚ್ ಬೆವತು ತೊಪ್ಪೆಯಾಗಿದ್ದ.

"ಎಷ್ಟೊತ್ತಾಯ್ತೋ?"

"ಎರಡು ಗಂಟೆ ಸಾರ್. ಹಾರನ್ ಕೂಡ ಹೊಡ್ದೆ, ಯಾರೂ ಬರ್ಲಿಲ್ಲ."

ಇಪ್ಪತ್ತೆರಡು ವರ್ಷದಿಂದ ನಾನು ಸ್ಟೀರಿಂಗ್ ಕಡೆ ಬಾಗಿಲು ತೆಗೆದವನಲ್ಲ. ಕಾಲು ತಾನಾಗೇ ಪಕ್ಕದ ಸೀಟಿಗೆ ಹೋಯ್ತು.

"ಹಿಂದೆ ನೋಡು. ಕ್ಲಚ್ ಮೆತ್ತಗೆ ಬಿಡು. ನಾನು ಹೇಳೋವರೆಗೂ ಗೇರ್ ಮುಟ್ಬೇಡ."

ಬೆಣ್ಣೆ ಥರ ಬಂತು ಕಾರು. ಗಲ್ಲಿ ಬಾಯಲ್ಲಿ ಮೋರಿ ಎಷ್ಟು ದೂರ ಇದೆ ನೋಡೋಣ ಅಂತ ಇಳಿದೆ. ಕಾರು ಹೊರಟೇಹೋಯ್ತು. ಹಿಂದಕ್ಕೆ.

ಮನೆ ತಲುಪೋಷ್ಟರಲ್ಲಿ ಸ್ಟೇಷನ್ನಿಂದ ಫೋನು. ಅಕ್ಕನನ್ನೂ ಕರ್ಕೊಂಡು ಓಡಿದೆ. ಕಾರು ಇಡೀ ಮಾರ್ಕೆಟ್ಟನ್ನ ಹಿಮ್ಮುಖವಾಗೇ ದಾಟಿ, ಸ್ಟೇಷನ್ ಸುತ್ತ ಏಳು ಸುತ್ತು ಹೊಡೆದು, ಪೆಟ್ರೋಲ್ ಮುಗಿದ ಮೇಲೆ ನಿಂತಿತ್ತು.

"ಗೇರ್ ಬದಲಾಯಿಸೋ ಅಂದ್ರೆ, ಸಾರ್ ಇನ್ನೂ ಹೇಳಿಲ್ಲ ಅಂತಾನ್ರೀ," ಅಂದ್ರು ಕಾನ್‌ಸ್ಟೇಬಲ್. "ಕಳುವಿನ ಮಾಲು. ಕೇಸ್ ಮುಗಿಯೋವರೆಗೂ ಕಾರು ಇಲ್ಲೇ ಇರುತ್ತೆ. ಒಂದೆರಡು ವರ್ಷ."

ಅಕ್ಕ ನನ್ನ ಮುಖ ನೋಡಿದ್ಲು.

"ಕಳುವಲ್ಲ ಸಾರ್," ಅಂದೆ. "ಪಾಠ. ಇವತ್ತು ಇವನಿಗೆ ರಿವರ್ಸ್ ಪಾಠ ಅನ್ನೋದು ಮರೆತು ದೂರು ಕೊಟ್ಟುಬಿಟ್ಟೆ."

"ಪಕ್ಕದಲ್ಲಿ ಗುರುಗಳೇ ಇಲ್ಲದೆ ಪಾಠನಾ?"

"ಮೋರಿ ನೋಡೋಕೆ ಇಳಿದಿದ್ದೆ ಸಾರ್." ಅದೊಂದು ನಿಜ ಇತ್ತು, ಗಟ್ಟಿಯಾಗೇ ಹೇಳ್ದೆ.

ಅವರು ದೂರು ವಾಪಸ್ ಬರೆಸ್ಕೊಂಡು ಕೀ ಕೊಟ್ರು.

ಮಾರನೇ ದಿನ ಅಕ್ಕ ಪಾಸು. ಅರೆಕ್ಲಚ್ ಈಗ ದಿನಾ ಬರ್ತಾನೆ. ಪಾಠ ಅಂತ ಪೊಲೀಸರ ಮುಂದೆ ಹೇಳಿಬಿಟ್ಟಿದ್ದೀನಲ್ಲ, ಬೇಡ ಅನ್ನೋ ಹಾಗಿಲ್ಲ. ರಿವರ್ಸು ನನಗಿಂತ ಚೆನ್ನಾಗಿ ಹೊಡೀತಾನೆ.

ಬಲಕ್ಕೆ ತಿರುಗೋದು ಮಾತ್ರ ನಾನಿನ್ನೂ ಹೇಳ್ಕೊಟ್ಟಿಲ್ಲ.