ಅಳಿಯನಿಗೊಂದು ಮಲ್ಟಿಟೂಲ್

ಚಿಕ್ಕ ಸೊಸೆಗೆ ಆಗ ನಲವತ್ತೊಂಬತ್ತು ವರ್ಷ. ಸೊಸೆ ಎಂದು ಕರೆಯುತ್ತಿದ್ದ ಅತ್ತೆ ಮಾವ ಹೋಗಿ ಹದಿನೈದು ವರ್ಷ ಕಳೆದಿದ್ದರೂ ಮನೆಯಲ್ಲಿ, ಮನೆಯ ಕೆಳಗಿನ ಹೊಲಿಗೆ ಕಾರ್ಖಾನೆಯಲ್ಲಿ ಅವಳು ಚಿಕ್ಕ ಸೊಸೆಯಾಗಿಯೇ ಉಳಿದಿದ್ದಳು. ಕಾರ್ಖಾನೆಯೆಂದರೆ ಉದ್ದನೆಯ ಒಂದು ಕೋಣೆ, ಒಂಬತ್ತು ಮೆಷಿನ್, ಕಿಟಕಿಯ ಪಕ್ಕ ಬಟ್ಟೆ ಕತ್ತರಿಸುವ ಮೇಜು. ಮೇಜು, ಕತ್ತರಿ ಅವಳ ಗಂಡನದು. ಫೋನು, ಗಿರಾಕಿ, ಮಾತು ಭಾವನದು. ಮೆಷಿನ್‌ಗಳು ಯಾರವು ಎಂದು ಯಾರೂ ಕೇಳಿರಲಿಲ್ಲ. ಅವು ಓಡುತ್ತಿದ್ದವು, ಅಷ್ಟೆ.

ಓಡಿಸುತ್ತಿದ್ದವಳು ಅವಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಬಿಸ್ಕತ್ತಿನ ಹಳೆಯ ಡಬ್ಬಿ ತೆಗೆದುಕೊಂಡು ಒಂದೊಂದೇ ಮೆಷಿನ್ನಿನ ಮುಂದೆ ಕೂರುತ್ತಿದ್ದಳು. ಡಬ್ಬಿಯಲ್ಲಿ ಹಿಡಿ ಮುರಿದ ಸ್ಕ್ರೂಡ್ರೈವರ್, ತುದಿ ಸವೆದ ಚಿಮುಟ, ಎರಡು ಹೇರ್‌ಪಿನ್ನು, ಒಂದು ಹಲ್ಲುಜ್ಜುವ ಬ್ರಷ್ಷು. ಹೊಲಿಯುವವರು ಕೈ ತೊಳೆದು ಬರುವಷ್ಟರಲ್ಲಿ ಮೆಷಿನ್ ಸರಿಯಾಗಿರುತ್ತಿತ್ತು. ತಾನಾಗಿಯೇ ಸರಿಹೋಯಿತು ಎಂದುಕೊಂಡು ಅವರು ಹೊಲಿಯುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಒಂದು ದಿನ ಭಾವ ಅವಳನ್ನು ಕರೆದರು.

"ನೋಡಮ್ಮ, ನಮ್ಮ ಮೆಷಿನ್ ನೋಡ್ಕೊಳ್ಳೋರಿಗೆ ಒಂದು ಒಳ್ಳೆ ಉಡುಗೊರೆ ಕೊಡ್ಬೇಕು ಅಂತಿದೀನಿ. ಇಕ್ಕಳ, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಮಡಚಿ ಜೇಬಲ್ಲಿ ಇಟ್ಕೊಳ್ಳೋ ಮಲ್ಟಿಟೂಲ್ ಅಂತ ಬರುತ್ತಲ್ಲ, ಅದು. ನನಗೆ ಅದೆಲ್ಲ ತಿಳಿಯಲ್ಲ. ನೀನೇ ಹೋಗಿ ಆರಿಸ್ಕೊಂಡು ಬಾ."

ಅವಳ ಎದೆಯಲ್ಲಿ ಏನೋ ಹಗುರಾಗಿ ಎದ್ದು ಕೂತಿತು. "ಹೇಗಿರ್ಬೇಕು ಭಾವ?"

"ನೋಡಿದ್ರೆ ಕಣ್ಣು ತುಂಬ್ಬೇಕು. ಹೊಳೀತಿರ್ಲಿ, ಭಾರವಾಗಿರ್ಲಿ. ಬಿಚ್ಚಿದ್ರೆ ನವಿಲು ಗರಿ ಬಿಚ್ಚಿದ ಹಾಗಿರ್ಬೇಕು."

ಪಾಪ, ಇವರಿಗೇನು ಗೊತ್ತು ಎಂದು ಅವಳು ಒಳಗೇ ನಕ್ಕಳು. ಉಡುಗೊರೆ ತನಗೇ ಅಂದಮೇಲೆ ತನಗೆ ಬೇಕಾದ್ದನ್ನೇ ಆರಿಸುವುದು ಎಂದು ಅವತ್ತೇ ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋದಳು.

ಅಂಗಡಿಯವನು ಕನ್ನಡಕ ಹಣೆಗೇರಿಸಿಕೊಂಡು ಕೇಳಿದ: "ಯಜಮಾನ್ರಿಗಾ ಅಮ್ಮ?"

"ಯಜಮಾನ್ರಿಗೆ ಒಂದು ಕತ್ತರಿ ಸಾಕು. ಇದು ನನಗೆ."

ಅವನು ಥಳಥಳ ಹೊಳೆಯುವ ಒಂದನ್ನು ತೆಗೆದು ಬಿಚ್ಚಿದ. ಗರಗಸ, ಕತ್ತರಿ, ಅರ, ಬಾಟಲಿ ಮುಚ್ಚಳ ತೆಗೆಯುವುದು, ಡಬ್ಬಿ ಕೊಯ್ಯುವುದು, ಮೀನಿನ ಹುರುಪೆ ಹೆರೆಯುವುದು, ಎಲ್ಲ ಒಂದರ ಹಿಂದೊಂದು ಬಂದವು. "ಮೂವತ್ತೊಂದು ಕೆಲಸ ಮಾಡುತ್ತೆ ಅಮ್ಮ ಇದು."

"ಒಂದನ್ನಾದ್ರೂ ನೆಟ್ಟಗೆ ಮಾಡುತ್ತಾ?"

ಅಂಗಡಿಯವನಿಗೆ ನಗು ಬಂತು. ಸ್ಟೂಲು ಹಾಕಿ ಕೂರಿಸಿದ. ಅವಳು ಹತ್ತು ಹನ್ನೆರಡನ್ನು ಕೈಗೆತ್ತಿಕೊಂಡು ನೋಡಿದಳು. ಇಕ್ಕಳದ ಬಾಯಿ ತುದಿಯವರೆಗೂ ಕೂಡುತ್ತದೆಯೇ ಎಂದು ತನ್ನದೇ ಒಂದು ತಲೆಗೂದಲನ್ನು ಹಿಡಿಸಿ ಎಳೆದಳು. ಹೆಚ್ಚಿನವು ಕೂದಲನ್ನು ಬಿಟ್ಟುಬಿಟ್ಟವು. ಸ್ಕ್ರೂಡ್ರೈವರಿನ ತುದಿಯನ್ನು ಉಗುರಿನ ಸಂದಿಗೆ ಹಿಡಿದು ದಪ್ಪ ಅಳೆದಳು. ಎಣ್ಣೆ ಕೈಯಲ್ಲಿ, ಒಂದೇ ಕೈಯಲ್ಲಿ ಬಿಚ್ಚಲು ಬರುತ್ತದೆಯೇ, ಬಿಚ್ಚಿದ್ದು ಬೆರಳ ಮೇಲೆ ಮಡಚಿಕೊಳ್ಳದೆ ನಿಲ್ಲುತ್ತದೆಯೇ ಎಂದು ನೋಡಿದಳು. ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಬೆರಳುದ್ದದ, ಮಾಸಲು ಬಣ್ಣದ ಒಂದು ಬಡಪಾಯಿ. ಅದರಲ್ಲಿದ್ದದ್ದು ಏಳೇ ಸಾಮಾನು. ಆದರೆ ಇಕ್ಕಳ ಕೂದಲನ್ನು ಬಿಡಲಿಲ್ಲ. ಸ್ಕ್ರೂಡ್ರೈವರ್ ಅಕ್ಕಿಕಾಳಿನ ಮೊನೆಯಷ್ಟು ತೆಳು. ಹಿಂಬದಿಯಲ್ಲಿ ಪುಟ್ಟದೊಂದು ಚಿಮುಟ ಬೇರೆ.

"ಇದನ್ನ ಎತ್ತಿಡಿ. ನಾಳೆ ಬಂದು ತಗೊಂಡು ಹೋಗ್ತೀನಿ," ಎಂದಳು.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಓರಗಿತ್ತಿ ದನಿ ತಗ್ಗಿಸಿ ಕೇಳಿದಳು. "ಆರಿಸಿದ್ಯಾ? ಅಳಿಯಂದ್ರಿಗೆ ಗೊತ್ತಾಗ್ಬಾರ್ದು ಮತ್ತೆ. ಸೋಮವಾರ ಎಲ್ಲರ ಎದುರಿಗೇ ಕೊಡ್ತಾರಂತೆ ನಿಮ್ಮ ಭಾವ."

"ಯಾವ ಅಳಿಯಂದ್ರಿಗೆ ಅಕ್ಕ?"

"ನನಗೇನು ಹತ್ತು ಜನ ಅಳಿಯಂದಿರಾ? ಮೊಬೈಲ್ ಅಂಗಡಿ ಮುಚ್ಚಿದ ಮೇಲೆ ಖಾಲಿ ಕೂತಿದಾರಲ್ಲ. ಇನ್ಮೇಲೆ ಮೆಷಿನ್ ಉಸ್ತುವಾರಿ ಎಲ್ಲ ಅವರದ್ದೇ. ನಿನಗೂ ವಯಸ್ಸಾಯ್ತು, ಗುಂಡಿ ಹಾಕ್ಕೊಂಡು ಆರಾಮಾಗಿ ಕೂತ್ಕೊ. ಆ ತುಕ್ಕು ಡಬ್ಬೀನೂ ಗುಜರಿಯವನಿಗೆ ಹಾಕ್ಬಿಟ್ಟೆ ನೋಡು, ಅಳಿಯಂದ್ರು ನೋಡಿದ್ರೆ ಏನಂದ್ಕೊಂಡಾರು!"

ಅವಳು ಕೆಳಗಿಳಿದು ಹೋದಳು. ಡಬ್ಬಿ ಇರುತ್ತಿದ್ದ ಗೂಡಿನಲ್ಲಿ ದುಂಡನೆಯ ತುಕ್ಕಿನ ಗುರುತೊಂದೇ ಇತ್ತು. ಅದರ ಮೇಲೆ ಬೆರಳಾಡಿಸಿದಳು. ಗಂಡ ಮೇಜಿನ ಬಳಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಲೆಯೆತ್ತದೆ ಹೇಳಿದ: "ಸುಮ್ನಿರು. ದೊಡ್ಡವರು ಯೋಚನೆ ಮಾಡೇ ಮಾಡಿರ್ತಾರೆ."

ಅವಳು ಬೆರಳಿಗಂಟಿದ ತುಕ್ಕನ್ನು ಸೆರಗಿಗೆ ಒರೆಸಿಕೊಂಡು ಮೇಲೆ ಹೋದಳು.

ಮರುದಿನ ಅಂಗಡಿಯಲ್ಲಿ ಹೇಳಿದಳು. "ನಿನ್ನೇದು ನನಗೆ ಕೊಡಿ. ಅದರ ಜೊತೆಗೆ ಆ ಮೂವತ್ತೊಂದು ಕೆಲಸದ್ದೂ ಕೊಡಿ, ಪೆಟ್ಟಿಗೆಗೆ ಹಾಕಿ."

"ಅದು ಬೇಡ ಅಂದ್ರಲ್ಲಮ್ಮ?"

"ಅದು ಬೇಕಾದವರು ಬೇರೆ ಇದಾರೆ. ಇದರ ಸ್ಕ್ರೂಡ್ರೈವರ್ ಎಷ್ಟು ದಪ್ಪ, ಇನ್ನೊಂದ್ಸಲ ತೋರ್ಸಿ?" ಉಗುರಿನ ಸಂದಿಗೆ ಹಿಡಿದಳು. ಹೊಲಿಗೆ ಮೆಷಿನ್ನಿನ ಯಾವ ಸಣ್ಣ ತಿರುಪಿಗೂ ಅದು ಕೂರುವಂತಿರಲಿಲ್ಲ. "ತುಂಬಾ ಚೆನ್ನಾಗಿದೆ," ಎಂದಳು. ಅಷ್ಟು ಮನಸ್ಸಿಟ್ಟು ಅವಳು ಯಾರಿಗೂ ಯಾವತ್ತೂ ಉಡುಗೊರೆ ಆರಿಸಿರಲಿಲ್ಲ.

ಸೋಮವಾರ ಭಾವ ಎಲ್ಲರನ್ನೂ ನಿಲ್ಲಿಸಿ, ಪೆಟ್ಟಿಗೆ ತೆರೆದು, ನವಿಲುಗರಿ ಬಿಚ್ಚಿ ತೋರಿಸಿದರು. "ಇಷ್ಟು ದಿನ ನಮ್ಮಲ್ಲಿ ಮೆಷಿನ್ನಿಗೆ ಅಂತ ಒಬ್ಬರು ಇರ್ಲಿಲ್ಲ. ಹೇಗೋ ನಡ್ಕೊಂಡು ಹೋಗ್ತಿತ್ತು. ಇನ್ಮೇಲೆ ನಮ್ಮ ಅಳಿಯಂದ್ರು ನೋಡ್ಕೋತಾರೆ." ಸೂಜಿ, ಬಾಬಿನ್, ಬಿಡಿಭಾಗಗಳಿದ್ದ ಬೀರುವಿನ ಕೀಲಿಯನ್ನು ಅವಳ ಸೊಂಟದಿಂದ ಬಿಚ್ಚಿಸಿ ಅಳಿಯನಿಗೆ ಕೊಟ್ಟರು.

ಒಬ್ಬರೂ ಇರಲಿಲ್ಲ. ಹೇಗೋ ನಡೆದುಕೊಂಡು ಹೋಗುತ್ತಿತ್ತು. ಅವಳು ಕಿಟಕಿಯ ಕಡೆ ಕಿವಿಗೊಟ್ಟಳು. ಗಂಡನ ಕತ್ತರಿ ಕರಕರ ಎಂದು ಬಟ್ಟೆ ಸೀಳುತ್ತಲೇ ಇತ್ತು. ಒಂದು ಗಳಿಗೆಯಾದರೂ ಅದು ನಿಲ್ಲಬಹುದು ಎಂದು ಕಾದಳು. ನಿಲ್ಲಲಿಲ್ಲ.

ಆ ವಾರ ಆಸ್ಪತ್ರೆಯೊಂದರ ನಾನೂರು ನಿಲುವಂಗಿಯ ಕೆಲಸ. ಶುಕ್ರವಾರ ಸಂಜೆ ಗಾಡಿ ಬರುವುದಿತ್ತು. ಭಾವ ತರಿಸಿದ್ದ ದಾರ ಅಗ್ಗದ್ದು, ಮೈತುಂಬ ಜುಂಗು. ಮೂಲೆಯಲ್ಲಿ ಗುಂಡಿ ಹಾಕುತ್ತ ಕೂತ ಅವಳಿಗೆ ಉಂಡೆಯನ್ನು ನೋಡಿದ ಕೂಡಲೇ ಗೊತ್ತಾಯಿತು. ಈ ಜುಂಗೆಲ್ಲ ಮೆಷಿನ್ನಿನ ಮೇಲ್ಗಡೆ, ದಾರ ಹಾದುಹೋಗುವ ಎರಡು ಪುಟ್ಟ ಬಿಲ್ಲೆಗಳ ನಡುವೆ ಸೇರಿಕೊಳ್ಳುತ್ತದೆ. ದಿನಾ ತೆಗೆಯದಿದ್ದರೆ ಬಿಲ್ಲೆ ದಾರವನ್ನು ಬಿಗಿ ಹಿಡಿಯುವುದಿಲ್ಲ. ಆಗ ಬಟ್ಟೆಯ ಕೆಳಗೆ ಗುಂಗುರು ಗುಂಗುರಾಗಿ ದಾರ ಕುಣಿಕೆ ಬೀಳುತ್ತದೆ. ಕುಣಿಕೆ ಕೆಳಗೆ ಬಿದ್ದರೆ ತಪ್ಪು ಮೇಲಿರುತ್ತದೆ. ಅದು ಅವಳಿಗೆ ಗೊತ್ತು. ಗೊತ್ತಿಲ್ಲದವರು ಕೆಳಗೇ ಕೈಹಾಕುತ್ತಾರೆ.

ಬುಧವಾರ ಎರಡು ಮೆಷಿನ್ ಕೆಟ್ಟವು. ಗುರುವಾರ ಬೆಳಿಗ್ಗೆ ಕೆಟ್ಟವು ಆರಾದವು. ಅಳಿಯ ಬೆವರು ಒರೆಸಿಕೊಳ್ಳುತ್ತ ಒಂದೊಂದು ಮೆಷಿನ್ನಿನ ಕೆಳಗಿನ, ಕೆಳದಾರ ಕೂರುವ ಬಾಬಿನ್ ಡಬ್ಬಿ ತೆಗೆದು, ಅದರ ಎಳ್ಳುಕಾಳಿನಂಥ ತಿರುಪಿಗೆ ದಪ್ಪ ಸ್ಕ್ರೂಡ್ರೈವರನ್ನು ಒತ್ತಿದ. ತುದಿ ಜಾರಿತು. ಮತ್ತೆ ಒತ್ತಿದ. ತಿರುಪಿನ ತಲೆಯ ಗೀರು ಕಿತ್ತುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳಿಗೆ ತನ್ನ ಮಕ್ಕಳ ಕಿವಿ ಯಾರೋ ಹಿಂಡಿದ ಹಾಗಾಯಿತು. ಎದ್ದು ಹೋಗಿ ಅವನ ಕೈಯಿಂದ ಕಿತ್ತುಕೊಳ್ಳೋಣ ಎನ್ನಿಸಿತು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮಾಸಲು ಬಡಪಾಯಿಯನ್ನು ಸೀರೆಯ ಮೇಲಿಂದಲೇ ಮುಟ್ಟಿಕೊಂಡು, ಇನ್ನೊಂದು ಗುಂಡಿ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಒಂಬತ್ತೂ ನಿಂತವು. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಕತ್ತರಿಯ ಸದ್ದು ದೊಡ್ಡದಾಗಿ ಕೇಳಿಸಿತು. ಆಮೇಲೆ ಅದೂ ನಿಂತಿತು.

ಭಾವ ಮೂಲೆಗೆ ಬಂದರು. "ಸ್ವಲ್ಪ ನೋಡ್ತೀಯಾ ಅಮ್ಮ?"

"ಏನನ್ನ ಭಾವ?"

"ಮೆಷಿನ್ನು."

"ನನಗೇನು ಗೊತ್ತು? ಹೇಗೋ ನಡ್ಕೊಂಡು ಹೋಗ್ತಿತ್ತಲ್ಲ."

ಭಾವನ ಮುಖ ಕೆಂಪಾಯಿತು. ಅಳಿಯನ ಕೈಲಿದ್ದ ಥಳಥಳವನ್ನು ನೋಡಿದರು, ಅವಳನ್ನು ನೋಡಿದರು. "ಇದು ಕೆಲಸಕ್ಕೆ ಬರಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತಲ್ವಾ?"

"ಕೆಲಸಕ್ಕೆ ಬರ್ಬೇಕು ಅಂತ ನೀವೆಲ್ಲಿ ಹೇಳಿದ್ರಿ? ಹೊಳೀಬೇಕು ಅಂದ್ರಿ. ಹೊಳೀತಿದೆ. ಭಾರ ಇರ್ಬೇಕು ಅಂದ್ರಿ. ಇದೆ."

ಹೊಲಿಯುವ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಭಾವ ಗಡಿಯಾರ ನೋಡಿದರು. "ಆಯ್ತು. ಏನು ಬೇಕು ನಿನಗೆ?"

"ಬೀರು ಕೀಲಿ. ಆಮೇಲೆ ಇಷ್ಟು ವರ್ಷ ಮೆಷಿನ್ ನೋಡ್ಕೊಂಡಿದ್ದು ಯಾರು ಅಂತ ಒಂದು ಮಾತು."

ಭಾವ ಗಂಟಲು ಸರಿಪಡಿಸಿಕೊಂಡು, ನೆಲ ನೋಡುತ್ತ ಏನೋ ಗೊಣಗಿದರು.

"ಮೆಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ ಭಾವ," ಎಂದಳು ಅವಳು.

ಒಂದು ಮೆಷಿನ್ನೂ ಓಡುತ್ತಿರಲಿಲ್ಲ. ಭಾವ ತಲೆಯೆತ್ತಿ, ಕೋಣೆಗೆಲ್ಲ ಕೇಳುವಂತೆ ಹೇಳಿದರು: "ಇಪ್ಪತ್ತೆರಡು ವರ್ಷದಿಂದ ಈ ಮೆಷಿನ್ ಎಲ್ಲ ಓಡಿಸಿದ್ದು ನಮ್ಮ ಚಿಕ್ಕ ಸೊಸೆ."

ಅಳಿಯ ಕೀಲಿಯನ್ನು ಮೇಜಿನ ಮೇಲಿಟ್ಟ. "ಮೇಜಿಗಲ್ಲ, ಕೈಗೆ," ಎಂದಳು. ಕೈಗೆ ಕೊಟ್ಟ.

ಅವಳು ಮೊದಲ ಮೆಷಿನ್ನಿನ ಮುಂದೆ ಕೂತು ಬಡಪಾಯಿಯನ್ನು ಒಂದೇ ಕೈಯಲ್ಲಿ ಬಿಚ್ಚಿದಳು. ಬಿಲ್ಲೆಗಳನ್ನು ಸಡಿಲಿಸಿ, ಚಿಮುಟದಿಂದ ಜುಂಗಿನ ಉಂಡೆ ಎಳೆದು ಹಾಕಿದಳು. ಬಾಬಿನ್ ಡಬ್ಬಿಯ ಗಾಯಗೊಂಡ ತಿರುಪುಗಳನ್ನು ಇಕ್ಕಳದಲ್ಲಿ ಹಿಡಿದು ತೆಗೆದು, ಬೀರುವಿನಿಂದ ಹೊಸ ತಿರುಪು ತಂದು ಕೂರಿಸಿದಳು. ಸಂಜೆಯೊಳಗೆ ಒಂಬತ್ತೂ ಓಡಿದವು. ಅಳಿಯ ಒಳ್ಳೆಯ ಹುಡುಗನೇ, ಪಕ್ಕದಲ್ಲಿ ನಿಂತು, "ಇದು ಎಲ್ಲಿ ಸಿಕ್ತು ಚಿಕ್ಕತ್ತೆ?" ಎಂದು ಕೇಳಿದ.

"ನಿಮ್ಮದು ಸಿಕ್ಕ ಅಂಗಡೀಲೇ. ಬೇಜಾರು ಮಾಡ್ಕೋಬೇಡಿ, ಸೋಡಾ ಬಾಟ್ಲಿ ಮುಚ್ಚಳಕ್ಕೆ ನಿಮ್ಮದೇ ಸರಿ."

ಬಾಗಿಲು ಹಾಕುವ ಹೊತ್ತಿಗೆ ಗಂಡ ಮೆಲ್ಲನೆ ಹತ್ತಿರ ಬಂದ. ಅವಳು ತಿಂಗಳಿಗೊಮ್ಮೆ ತಿರುಪು ಬಿಗಿಮಾಡಿ ಕೊಡುತ್ತಿದ್ದ ಕತ್ತರಿಯನ್ನು ಚಾಚಿದ. ಎರಡು ಅಲಗೂ ಲೊಡಲೊಡ ಎನ್ನುತ್ತಿದ್ದವು. "ಇದೊಂದು ಸ್ವಲ್ಪ ಬಿಗಿ ಮಾಡ್ಕೊಡ್ತೀಯಾ? ನಾಳೆ ಕತ್ತರಿಸೋದು ತುಂಬಾ ಇದೆ."

ಅವಳು ಕತ್ತರಿಯನ್ನು ನೋಡಿದಳು. ಅರ್ಧ ಸುತ್ತಿನ ಕೆಲಸ. ಬಡಪಾಯಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾಳೆ ಕೇಳಿ," ಎಂದಳು. "ಎಲ್ಲರೂ ಬಂದ ಮೇಲೆ. ಸ್ವಲ್ಪ ಗಟ್ಟಿಯಾಗಿ."