ನೋಂಬಿಗೆ ಮುಂಚೆ ತೊಳೆದ ಕೊಳ

ನೀರಿನ ಮೇಲೊಂದು ಸುಕ್ಕು ಎದ್ದು ಅಳಿಯಿತು, ಗಾಳಿಯದೇ ಇರಬೇಕು, ಬಡಗಣ ಗಾಳಿ ಬೆಳಗಿನಿಂದ ಬೀಸುತ್ತಲೇ ಇದೆ, ಗೋಡೆಯಾಚೆಯ ಖರ್ಜೂರದ ಗರಿಗಳನ್ನೆಲ್ಲ ಒಂದೇ ಕಡೆಗೆ ಬಾಚಿ ನಿಲ್ಲಿಸಿದೆ, ಅಥವಾ ಗಾಳಿಯದಲ್ಲವೋ, ಒಳಗಿನಿಂದಲೇ ಎದ್ದದ್ದೋ — ಜುವೈರಿಯಾ ಕೊಳದ ಸಿಮೆಂಟು ಕಟ್ಟೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಇನ್ನೊಮ್ಮೆ ಬಗ್ಗಿ ನೋಡುತ್ತಾಳೆ, ನೀರು ಸುಮ್ಮನಿದೆ, ತಳದ ಕಪ್ಪು ಕೆಸರೂ ಸುಮ್ಮನಿದೆ, ಅದರೊಳಗೆ ಪಕ್ಕದ ಮನೆಯ ಇಂದಿರಕ್ಕನ ತಾವರೆಗಡ್ಡೆ ಬದುಕಿದೆಯೋ ಇಲ್ಲವೋ ಅಲ್ಲಾಹನಿಗೇ ಗೊತ್ತು, ಮತ್ತು ಇಂದಿರಕ್ಕ ಇವತ್ತು ಬರುತ್ತಾರೆ, ವಿಮಾನ ಇಷ್ಟು ಹೊತ್ತಿಗೆ ಇಳಿದಿರಬೇಕು, ಸಂಜೆಯ ಮಗ್ರಿಬಿನ ಬಾಂಗಿಗೆ ಮುಂಚೆಯೇ ಅರಬರ ನಾಡಿನ ಮುಐದರಿನ ಈ ಹಿತ್ತಿಲ ಗೇಟು ತೆಗೆದು, ಜುವೈರಿಯಾ, ನನ್ನ ತಾವರೆ ಹೇಗಿದೆಯಮ್ಮ ಎಂದೇ ಮೊದಲು ಕೇಳುತ್ತಾರೆ, ಮಗಳ ಬಾಣಂತನ, ಮೊಮ್ಮಗುವಿನ ಮೂಗು ಕಣ್ಣು ಯಾರ ಹಾಗೆ ಎಂಬ ಸುದ್ದಿ ಎಲ್ಲ ಆಮೇಲೆ, ಆಗ ಏನು ಹೇಳುವುದು, ಕಣ್ಣಲ್ಲಿ ಕಣ್ಣಿಟ್ಟು ಏನು ಹೇಳುವುದು.

ಒಂದೇ ವಿಲ್ಲಾಕ್ಕೆ ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ್ದು, ಹಿತ್ತಿಲು ಮಾತ್ರ ಇಬ್ಬರಿಗೂ ಒಂದೇ, ಅಲ್ಲಿ ಮಾಲೀಕರು ಎಂದೋ ಆಡುಗಳಿಗೆ ಕಟ್ಟಿಸಿದ್ದ ನೀರಿನ ತೊಟ್ಟಿಯನ್ನು ಕೊಳ ಮಾಡಿದವರು ಇಂದಿರಕ್ಕ, ಮೈಸೂರು ಕಡೆಯ ತಮ್ಮ ತವರೂರ ಕೆರೆಯ ಗಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದು, ಕಸ್ಟಮ್ಸಿನವನು ಇದೇನು ಎಂದಾಗ ಕಿಚನ್ ಕಿಚನ್ ಎಂದು ಬಾಯಿಗೆ ತುತ್ತಿಡುವ ಹಾಗೆ ಕೈಯಾಡಿಸಿ ದಾಟಿಬಂದದ್ದನ್ನು ಎಷ್ಟು ಸಲ ಹೇಳಿ ನಗಿಸಿಲ್ಲ, ಶ್ರಾವಣದಲ್ಲಿ ಲಕ್ಷ್ಮಿಗೆ ಒಂದು ಹೂ, ಅಷ್ಟೇ ಸಾಕು ನನಗೆ ಎನ್ನುತ್ತಿದ್ದರು, ಹೋದ ವರ್ಷ ಎರಡು ಅರಳಿದಾಗ ಒಂದನ್ನು ದೇವರಿಗಿಟ್ಟು ಇನ್ನೊಂದನ್ನು ಇವಳ ಕೈಗೇ ಕೊಟ್ಟಿದ್ದರು — ಬಾಣಂತನಕ್ಕೆ ಹೊರಟಾಗಲೂ ಗಂಡ ನಾಗಾರ್ಜುನರನ್ನು ನಂಬಲಿಲ್ಲ, ಆ ಮನುಷ್ಯ ಗ್ಯಾಸ್ ಪ್ಲಾಂಟಿನ ಸೈಟಿನಲ್ಲೇ ಇರೋದು, ಅವರಿಗೆ ಬೇರು ಯಾವುದು ಎಲೆ ಯಾವುದು ಗೊತ್ತಿಲ್ಲ, ನೀನೇ ನೋಡ್ಕೋ ಜುವೈರಿಯಾ, ನಿನ್ನ ಮೇಲೆ ಬಿಟ್ಟು ಹೋಗ್ತಿದೀನಿ. ಬಿಟ್ಟು ಹೋದದ್ದು ಎಂದರೆ ಅಮಾನತ್ತು, ಒಬ್ಬರು ನಂಬಿ ಒಪ್ಪಿಸಿದ್ದು, ನಾಳೆ ಅಲ್ಲಾಹನ ಮುಂದೆ ಕೇಳಿಕೆಯಿರುವಂಥದ್ದು. ಅವಳಿಗೂ ಗಿಡ ಗೊತ್ತಿಲ್ಲವೆಂದಲ್ಲ, ಬಂದ ಮೊದಲ ವರ್ಷ ಊರಿನ ರೂಢಿಯಲ್ಲಿ ಜೂನಿಗೆ ಅಲಸಂಡೆ ಬೀಜ ಹಾಕಿದ್ದು ನಿಜ, ಮಳೆ ಹಿಡಿಯುವ ಹೊತ್ತಲ್ಲವೇ, ಬೀಜ ಮಣ್ಣಿನೊಳಗೇ ಹುರಿದುಹೋಯಿತು, ಉಪ್ಪು ಹಾಕಿ ಕೊಡು ಮಾರಾಯ್ತಿ, ತಿನ್ನುವ ಎಂದು ಗಂಡ ಮೊಯ್ದಿನ್ ವಾರವೆಲ್ಲ ನಕ್ಕ, ಆಮೇಲೆ ಕಲಿತಳು, ಇಲ್ಲಿ ಬೇಸಿಗೆಗೆ ಮಲಗುವುದು, ಚಳಿಗೆ ಏಳುವುದು, ಮೆಂತೆ, ಕೊತ್ತಂಬರಿ, ಮೂಲಂಗಿ, ಚಳಿ ಏರಿದಷ್ಟೂ ಹಸಿರು — ಹಾಗೆ ಕಲಿತವಳಿಗೆ, ಚಳಿಗೇ ಮಲಗುವ ಗಿಡವೂ ಒಂದು ಉಂಟೆಂದು ಯಾರು ಹೇಳಬೇಕು, ಕಡಲ ಪಕ್ಕದ ಅವಳ ಊರಿನ ಕೆರೆಗೆ ಚಳಿಯೆಂಬುದೇ ಗೊತ್ತಿರಲಿಲ್ಲ.

ನೋಂಬಿಗೆ, ರಂಜಾನಿನ ಉಪವಾಸಕ್ಕೆ ಮುಂಚೆ ಮನೆ ತೊಳೆಯಬೇಕು, ಉಮ್ಮ ಮಾಡಿದ್ದು, ಉಮ್ಮನ ಉಮ್ಮ ಮಾಡಿದ್ದು, ಬರುವುದು ಬರೇ ತಿಂಗಳಲ್ಲ, ಅತಿಥಿ, ಚಾಪೆ ಒಗೆದು, ಪಾತ್ರೆ ತಿಕ್ಕಿ, ಕಿಟಕಿಯ ಸರಳು ಒಂದೊಂದನ್ನೂ ಒರೆಸಿ, ಅಲ್ಲಿಗೆ ಮುಗಿಸಬಹುದಿತ್ತು, ಬಟ್ಟೆ ಹಿಂಡಲು ಹಿತ್ತಿಲಿಗೆ ಬಂದವಳ ಮೂಗಿಗೆ ಕೊಳದ ವಾಸನೆ ಬಡಿಯಿತು, ಎಲೆಗಳೆಲ್ಲ ಕಂದಿ ಕೊಳೆತು ಲೋಳೆಯಾಗಿ, ದಂಟು ಬಾಗಿ ನೀರಿಗೆ ಬಿದ್ದು, ಉಮ್ಮಾ ಡೆಡ್ ಆ ಇದು ಎಂದು ಮಗಳು ಹಿಬಾ ಮೂಗು ಮುಚ್ಚಿಕೊಂಡಳು, ಅಯ್ಯೋ ನಂಬಿ ಕೊಟ್ಟು ಹೋದ ಕೊಳ ನಾರುವುದೇ, ನೋಂಬಿನ ತಿಂಗಳಲ್ಲಿ ನಾರುವುದೇ ಎಂದು ಕೊಡಪಾನ ತಂದು ನೀರು ಹೊರಚೆಲ್ಲಿದಳು, ಕೆಸರನ್ನು ಬುಟ್ಟಿಬುಟ್ಟಿಯಾಗಿ ತೆಗೆದು, ಒಳ್ಳೆ ಗೊಬ್ಬರ ಹಾಳಾಗುವುದು ಬೇಡವೆಂದು ಮೆಂತೆಯ ಪಾತಿಗೆ ಹರವಿದಳು, ನಾರಿನಿಂದ ಉಜ್ಜಿ ಉಜ್ಜಿ ಕೊಳ ಹೊಳೆಯಿತು, ಊರ ಪಳ್ಳಿಯಲ್ಲಿ ನಮಾಜಿಗೆ ಮುಂಚೆ ಕಾಲು ತೊಳೆಯುವ ಕೊಳದ ಹಾಗೆ ಕಂಡಿತು, ಎಷ್ಟು ಖುಷಿ ಆಗಿತ್ತು ಆ ಸಂಜೆ. ಆಮೇಲೆ ಫೋನು. ಮೈಸೂರಿನ ಐಎಸ್‌ಡಿ ಬೂತಿನಿಂದ ಇಂದಿರಕ್ಕ, ಆಶ್ರಿತಾಗೆ ಹೆಣ್ಣುಮಗು ಕಣಮ್ಮ, ತಲೆತುಂಬ ಕೂದಲು, ಹಾಂ ಮರೆತಿದ್ದೆ, ತಾವರೆ ಎಲೆ ಕೊಳೆತ್ರೆ ಹೆದರ್ಕೋಬೇಡ, ಚಳಿಗೆ ಅದು ಹಾಗೇನೇ, ಗಡ್ಡೆ ಕೆಸರಲ್ಲಿ ಮಲಗಿರುತ್ತೆ, ಮುಟ್ಟೋಕೆ ಮಾತ್ರ ಹೋಗ್ಬೇಡ, ಮೀಟರ್ ಓಡ್ತಿದೆ, ಇಡ್ಲಾ — ಇವಳು ಇಂದಿರಕ್ಕಾ ಎನ್ನುವಷ್ಟರಲ್ಲಿ ಆ ಕಡೆ ಲೈನಿರಲಿಲ್ಲ. ಓಡಿ ಬಂದು ಕೈಯಿಂದಲೇ ಪಾತಿ ಬಗೆದಳು, ಮೆಂತೆಯ ಎಳೆ ಬೇರುಗಳ ನಡುವೆ ಮೂರು ತುಂಡು ಸಿಕ್ಕವು, ಎರಡು ಮುರಿದವು, ಒಂದು ಇಡಿಯಂತೆ ಕಂಡದ್ದು, ಬಿಸ್ಮಿ ಹೇಳಿ ಮತ್ತೆ ಕೆಸರು ತುಂಬಿ, ಹೂಳಿ, ನೀರು ಬಿಟ್ಟಳು, ಅಂದಿನಿಂದ ಮುಟ್ಟಿಲ್ಲ, ಮುಟ್ಟಬೇಡ ಎಂದಿದ್ದಾರಲ್ಲ, ನೋಡುವುದಷ್ಟೇ, ಒಂದು ಚಿಗುರಿಲ್ಲ, ಒಂದು ಗುಳ್ಳೆಯಿಲ್ಲ.

ಮೊಯ್ದಿನ್‌ಗೆ ಇದೆಲ್ಲ ಸುಲಭ, ಚಳಿಗೆ ಸತ್ತಿತು ಅಂತ ಹೇಳು, ಖಲಾಸ್, ಚಳಿ ಬಂದದ್ದು ಸುಳ್ಳಾ ಎಂತ, ಹೆಂಡತಿಯ ಮುಖ ನೋಡಲಾಗದೆ ಶುಕ್ರವಾರ ನರ್ಸರಿಯಿಂದ ಒಂದು ಕುಂಡ ನೈದಿಲೆಯನ್ನೂ ತಂದಿಟ್ಟ, ಇದೂ ನೀರಿನ ಹೂವೇ ಅಲ್ವಾ, ಇಳಿಸಿ ಬಿಡು, ಅವರಿಗೆ ಎಂತ ಗೊತ್ತಾಗ್ತದೆ. ಅವಳಿಗೆ ಪಾಪ ಎನಿಸಿತು, ನೋಂಬು ಹಿಡಿದು ದಣಿದಿದ್ದರೂ ಕುಂಡ ಹೊತ್ತು ತಂದಿದ್ದಾನೆ, ಆದರೂ ಕೊಳಕ್ಕೆ ಇಳಿಸಲಿಲ್ಲ, ಗೋಡೆ ಪಕ್ಕದ ಬಕೆಟ್ಟಿನಲ್ಲಿಟ್ಟಳು, ಅಜ್ಜಿ ಹೇಳುತ್ತಿದ್ದ ಉಪ್ಪಿನ ಕಥೆ ಮನಸ್ಸಿಗೆ ಅಡ್ಡ ಬಂದಿತ್ತು, ಒಂದೂರಿನ ಪಳ್ಳಿಯನ್ನು ಗುಡಿಸಿ ಬಾಂಗ್ ಕೊಡುವ ಮುಕ್ರಿ, ಅವನ ಹತ್ತಿರ ಒಬ್ಬ ದಾರಿಹೋಕ ಮುಚ್ಚಳ ಕಟ್ಟಿದ ಭರಣಿ ಇಟ್ಟು ಹೋದನಂತೆ, ಒಳಗೆ ಉಪ್ಪು, ಮುಕ್ರಿಗೆ ಗೊತ್ತಿಲ್ಲ, ಮಳೆಗಾಲ ಹಿಡಿಯಿತು, ಸೂರು ಸೋರಿತು, ಭರಣಿಯಿಂದ ನೀರು ತೊಟ್ಟಿಕ್ಕಿತು, ಬಿಚ್ಚಿ ನೋಡಿದರೆ ಕರಗಿದೆ, ಮುಕ್ರಿ ತನ್ನ ಮನೆಯ ಉಪ್ಪನ್ನೇ ತುಂಬಿ ಕಟ್ಟಿಟ್ಟ, ದಾರಿಹೋಕ ಬಂದು ಮುಚ್ಚಳಕ್ಕೆ ಕೈ ಹಾಕಿದ, ಆಗ ಮುಕ್ರಿ — ಇಲ್ಲಿಗೆ ಬಂದಾಗಲೆಲ್ಲ ಅಜ್ಜಿ ಬಾಯಿಯ ವೀಳ್ಯ ಉಗಿದು ಬರಲು ಎದ್ದು ಹೋಗುತ್ತಿದ್ದಳು, ಮಕ್ಕಳೆಲ್ಲ ಬಾಯಿ ಬಿಟ್ಟು ಕಾಯುತ್ತಿದ್ದರು — ಆಗ ಮುಕ್ರಿ ಅವನ ಕೈ ಹಿಡಿದು, ತೆಗೆಯುವ ಮೊದಲು ಕೇಳು, ನಿನ್ನದು ಕರಗಿತು, ಇದು ನನ್ನದು ಎಂದನಂತೆ. ತೆಗೆದ ಮೇಲೆ ಯಾರು ಬೇಕಾದರೂ ಹೇಳಿಯಾರು ಮಕ್ಕಳೇ, ತೆಗೆಯುವ ಮೊದಲು ಹೇಳಿದನಲ್ಲ, ಅದು ದೊಡ್ಡದು. ಹೌದು, ನೋಡುವ ಮೊದಲೇ ಹೇಳಬೇಕು, ಒಳಗೆ ಕೂರಿಸಿ, ಮಗುವಿನ ಸುದ್ದಿ ಕೇಳಿ, ಅಲ್ಲ, ಸುದ್ದಿಗೂ ಮುಂಚೆ, ಹಸಿದ ಹೊಟ್ಟೆಯಲ್ಲಿ ಮಾತು ತೊದಲದಿರಲಿ, ಒಬ್ಬ ಗೆಳತಿ ಇರುವುದು ಈ ಮರಳಿನಲ್ಲಿ, ಹೋದರೆ ಹೋದಂತೆಯೇ, ಯಾ ಅಲ್ಲಾಹ್ ಗಡ್ಡೆ ಹೋದರೂ ಅವರನ್ನು ಕಳೆಯಬೇಡ, ಒಲೆಯ ಮೇಲೆ ಗಂಜಿ ತಳ ಹಿಡಿಯುತ್ತಿದೆಯೋ ಏನೋ.

ಗೇಟಿನ ಚಿಲಕ. ಉಣ್ಣೆಯ ಶಾಲು ಹೊದ್ದ ಇಂದಿರಕ್ಕ, ಹಿಂದೆ ಎರಡು ಪೆಟ್ಟಿಗೆ ಎಳೆಯುತ್ತ ನಾಗಾರ್ಜುನ, ಮನೆಯ ಕಡೆ ತಿರುಗದೆ ನೇರ ಇಲ್ಲಿಗೇ ಬರುತ್ತಿದ್ದಾರೆ, ಕೂರಿಸುವುದೆಲ್ಲಿ, ನಿಲ್ಲಿ ಇಂದಿರಕ್ಕ, ನೋಡುವ ಮೊದಲು ಒಂದು ಮಾತುಂಟು, ನೋಂಬಿಗೆ ಅಂತ ನಾನು ಕೊಳ ತೊಳೆದು ಬಿಟ್ಟೆ, ಸತ್ತಿದೆ ಅಂತ ತಿಳಿದು, ಕೆಸರೆಲ್ಲ ಮೆಂತೆಗೆ ಹಾಕಿದೆ, ನೀವು ಫೋನು ಮಾಡಿದ ಮೇಲೆ ಹುಡುಕಿ ಹೂಳಿದ್ದು, ಎರಡು ಮುರಿದಿದೆ, ಒಂದು ಉಂಟು, ಬದುಕಿದೆಯಾ ಗೊತ್ತಿಲ್ಲ. ಇಂದಿರಕ್ಕ ನಿಂತರು. ಕೊಳವನ್ನು ನೋಡಲಿಲ್ಲ, ಪಾತಿಯನ್ನು ನೋಡಿದರು, ಬೈದರೂ ಆಗಿತ್ತು, ಅದಕ್ಕೇ ಮೆಂತ್ಯ ಸೊಪ್ಪು ಹಿಂಗೆ ಕೊಬ್ಬಿದೆ ಎಂದರು, ದನಿ ಒಣಗಿತ್ತು, ಒಣಗಿಯೇ ಇತ್ತು, ಶಾಲನ್ನು ಗಂಡನ ಹೆಗಲಿಗೆಸೆದು ಬಳೆ ಮೇಲೇರಿಸಿ ಕಟ್ಟೆಯ ಪಕ್ಕ ಕುಳಿತರು, ನಮ್ಮೂರ ಕೆರೇಲಿ ಎಮ್ಮೆಗಳು ಇದರ ಮೇಲೇ ಹೊರಳಾಡ್ತಾವೆ ಕಣೇ, ನೀನೇನು ಎಮ್ಮೆಗಿಂತ ಜಾಸ್ತಿ ತುಳಿದ್ಯಾ. ಮೊಣಕೈತನಕ ತಣ್ಣೀರಲ್ಲಿ ಕೈ, ಎಲ್ಲಿ ಹೂಳಿದ್ದು ತೋರಿಸು, ಗಡ್ಡೆ ಮೆತ್ತಗಾಗಿದ್ರೆ ಹೋಯ್ತು, ಗಟ್ಟಿಯಿದ್ದು ಮೊಳಕೆ ಮೊನೆ ಸಿಕ್ಕಿದ್ರೆ ಉಳೀತು, ಜುವೈರಿಯಾ ತೋರಿಸುತ್ತಾಳೆ, ಇಲ್ಲ ಇನ್ನೂ ಈ ಕಡೆ, ಇಂದಿರಕ್ಕನ ಮುಖ ಎತ್ತಲೋ ಇದೆ, ಕೈ ಮಾತ್ರ ಕೆಳಗೆ ಹುಡುಕುತ್ತಿದೆ, ಕತ್ತಲೆಯಲ್ಲಿ ಮಗುವಿನ ಕಾಲು ಹುಡುಕುವ ಹಾಗೆ, ನಿಂತಿತು, ಇತ್ತ ಕೈ ಕೊಡು, ಅವಳ ಮಣಿಕಟ್ಟು ಹಿಡಿದು ನೀರಿಗೆಳೆದರು, ಚಳಿ ಎಲುಬಿಗೆ ಹೊಕ್ಕಿತು, ಇಲ್ಲಿ, ಮೆಲ್ಲಗೆ, ಒತ್ತಬೇಡ — ಪಳ್ಳಿಯಿಂದ ಬಾಂಗ್ ಎದ್ದಿತು, ಖರ್ಜೂರ ಒಳಗೆ ತಟ್ಟೆಯಲ್ಲಿದೆ, ಎದ್ದು ಹೋಗಬೇಕು, ಉಮ್ಮಾ ಟೈಮ್ ಆಯ್ತು ಎಂದು ಹಿಬಾ ತಟ್ಟೆಯನ್ನೇ ಹಿಡಿದು ಬಂದಿದ್ದಾಳೆ, ಇಂದಿರಕ್ಕ ನೆನೆಯದ ಇನ್ನೊಂದು ಕೈಯಿಂದ ಒಂದನ್ನೆತ್ತಿ ಇವಳ ಬಾಯಿಗಿಡುತ್ತಾರೆ, ಮೊದಲು ಇದನ್ನ ನುಂಗು, ನಾಲಿಗೆಯ ಮೇಲೆ ಸಿಹಿ, ತುಟಿಯಲ್ಲಿ ನೋಂಬು ಬಿಡುವ ದುಆ ಅರ್ಧಕ್ಕೆ ನಿಂತಿದೆ, ಕೆಸರಿನೊಳಗೆ ಬೆರಳು ಅಲ್ಲಾಡಿಸಲು ಭಯ, ಗಟ್ಟಿ, ಹೌದು ಗಟ್ಟಿ, ಮತ್ತೆ ಅದರ ತುದಿಯಲ್ಲಿ, ಎಳೆ ವಸಡಿನಿಂದ ಈಗಷ್ಟೇ ತಲೆ ಹಾಕಿದ ಹಲ್ಲಿನಂತೆ, ಸಣ್ಣಗೆ, ಚೂಪಾಗಿ, ಮೊನೆ, ಬೆರಳಿಗೆ ಎದುರಾಗಿ ನಿಂತ ಮೊನೆ, ಅದೇ, ಇನ್ನೇನೂ ಇಲ್ಲ, ಮೊನೆ —