ಮಳೆ ಹೆಂಡದ ಕೋಲು

ವಯಸ್ಸಿಗೆ ಹಾರ್ಮೋನು ಇಳಿಯುತ್ತಿದೆ, ಮುಟ್ಟು ನಿಂತಿದ್ದೂ ಮೈ ಬೆವರುವುದೂ ಅದಕ್ಕೇ ಎಂದು ಕ್ಲಿನಿಕ್ಕಿನ ನರ್ಸ್ ಹೇಳಿದ್ದನ್ನು ನೆಟ್ಸಾಯಿ ಗಂಡನ ಕಿವಿಗೆ ಹಾಕಿರಲಿಲ್ಲ. "ಮಲೇರಿಯಾ ಅಂತೆ" ಎಂದು ತೇಲಿಸಿಬಿಟ್ಟಿದ್ದಳು. ಪಕ್ಕದ ಮನೆಯ ಮಹಾನುಭಾವ, ಹೆಂಡತಿಯ ಮುಟ್ಟು ನಿಂತದ್ದೇ ತಡ, ಹರೆಯದವಳೊಬ್ಬಳನ್ನು ಕಟ್ಟಿಕೊಂಡು ಬಂದಿದ್ದ. ತನ್ನ ಗಂಡ ಗಾರಿಕಾಯಿ ಅಂಥವನಲ್ಲ, ನಿಜ. ಆದರೂ ಅವಳಿಗೆ ಹೆದರಿಕೆ.

ಹಾಗಿರುವಾಗ ಊರಿನ ವುಂಗಾಯಿ ಅಜ್ಜಿ ಅಂಗಳಕ್ಕೇ ಬಂದು ಕೂತಳು. ಮಳೆ ಕೇಳಲು ಹಿರಿಯರಿಗೆ ಇಡುವ ರಾಗಿ ಹೆಂಡವನ್ನು ಮುಟ್ಟು ನಿಂತವರೇ ಕಾಯಿಸಬೇಕು. ಅಜ್ಜಿಯ ಜೊತೆ ಅದನ್ನು ಕಾಯಿಸುತ್ತಿದ್ದವಳು ಈ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಮೊಳಕೆ ರಾಗಿ ಬೀಸಿ ಆಗಿತ್ತು.

"ನಿಂದು ನಿಂತಿದ್ಯೇನೇ?" ಗುದ್ದಲಿಯ ಕಾವು ಕೆತ್ತುತ್ತಿದ್ದ ಗಾರಿಕಾಯಿಯ ಎದುರಿಗೇ ಅಜ್ಜಿ ಕೇಳಿಬಿಟ್ಟಳು.

"ಇನ್ನೂ ಇಲ್ಲಜ್ಜಿ" ಎನ್ನುತ್ತಿದ್ದ ಹಾಗೇ ನೆಟ್ಸಾಯಿಯ ಎದೆಯಿಂದ ಬಿಸಿ ಎದ್ದು ಮುಖವೆಲ್ಲ ತೊಯ್ದುಹೋಯಿತು. ಹಾಳು ಬೆವರಿಗೆ ಹೊತ್ತುಗೊತ್ತು ಬೇಡವೇ?

"ನಿನ್ನ ಕುತ್ತಿಗೆ ಬೇರೇನೋ ಹೇಳ್ತಿದೆಯಲ್ಲೇ! ಹೋಗ್ಲಿ ಬಿಡು, ಒಬ್ಬಳೇ ತಿರುವ್ತೀನಿ. ಮಡಕೆಯೊಳಗೆ ಬಿದ್ದೋದ್ರೆ ಎಲ್ಲಾ ಸೇರಿ ಮುದುಕಿ ಹೆಂಡ ಕುಡೀರಿ" ಎಂದು ಅಜ್ಜಿ ಎದ್ದು ಹೊರಟಳು.

ಗಾರಿಕಾಯಿ ಕಣಜದ ಹಿಂದೆ ಹೋಗಿ, ಹೆಂಡ ತಿರುವುವ ಉದ್ದನೆಯ ಹೊಸ ಕೋಲೊಂದನ್ನು ತಂದು ಹೆಂಡತಿಯ ಮುಂದೆ ಹಿಡಿದ.

"ಇದ್ಯಾರಿಗೆ?"

"ಇನ್ಯಾರಿಗೆ? ಚಳಿಗಾಲ ಪೂರ್ತಿ ಬೆವರಿ ನಿನ್ನ ಕಂಬಳೀನ ನನ್ನ ಮೇಲೆ ಎಸೀತಿದ್ದೆ. ಆವಾಗ್ಲೇ ಕೆತ್ತೋಕೆ ಶುರು ಮಾಡ್ದೆ."

ನೆಟ್ಸಾಯಿ ಕೋಲು ಮುಟ್ಟಲಿಲ್ಲ. "ನಾನು ಮುದುಕಿಯಾದೆ. ನೀವೂ ಇನ್ನೊಬ್ಬಳನ್ನ ತಂದ್ರೆ?"

"ತಂದು ಏನು ಮಾಡ್ಲಿ, ಕತೆ ಹೇಳ್ಲಾ?" ಗಾರಿಕಾಯಿ ಕಾಲಬುಡದ ಕೆತ್ತಿದ ಚೂರುಗಳನ್ನು ನೋಡುತ್ತ ನಿಂತ. "ನನ್ನ ಮೈಯೂ ಮೊದಲಿನ ಹಾಗಿಲ್ಲ ಅಂತ ನಿನಗೆ ಗೊತ್ತಿಲ್ವಾ? ಒಂದು ದಿನಾನೂ ಆಡಿ ತೋರಿಸ್ಲಿಲ್ಲ ನೀನು. 'ದಣಿದಿದ್ದೀರಿ, ಮಲಕ್ಕೊಳ್ಳಿ' ಅಂತ ಬೆನ್ನು ಸವರ್ತಿದ್ದೆ."

ಹೌದು, ಸವರುತ್ತಿದ್ದಳು. ಅವನು ನಿದ್ದೆಹೋಗಿದ್ದಾನೆ ಎಂದುಕೊಂಡಿದ್ದಳು. ಇಷ್ಟು ದಿನ ಇಬ್ಬರೂ ಒಬ್ಬರನ್ನೊಬ್ಬರು ಹೀಗೆ ಮುಚ್ಚಿ ಕಾಪಾಡಿದ್ದು ನೆನೆದು ಅವಳಿಗೆ ಅಳುವೂ ಬಂತು, ನಗುವೂ ಬಂತು.

ಕೋಲು ಹಿಡಿದು ನೋಡಿದಳು. ಸರಿಯಾಗಿ ಅವಳ ಭುಜಕ್ಕೆ ಬರುತ್ತಿತ್ತು. ಸೆರಗಿನಂತೆ ಹೊದ್ದ ಬಟ್ಟೆಯಿಂದ ಮುಖ ಒರೆಸಿಕೊಂಡು ಬೇಲಿಯ ತನಕ ಓಡಿದಳು. ದಾರಿಯಲ್ಲಿ ಜನರಿದ್ದರು, ಪಕ್ಕದ ಮನೆಯವನೂ ಇದ್ದ.

"ಅಜ್ಜೀ, ನಿಲ್ಲಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. "ನಂದು ನಿಂತಿದೆ! ನಾನೂ ಬರ್ತೀನಿ!"